ಬಾಕ್ಸಿಂಗ್ ತೀರ್ಪು: ಒಂದೇ ಪಂದ್ಯಕ್ಕೆ ಐವರದು ಐದು ಲೆಕ್ಕ ಏಕೆ?

ಗದ್ವಾಲ, ಇಟಿಕ್ಯಾಲ, ಮಕ್ತಲ್ ಕಡೆಯ ಜಾತ್ರೆಗಳಲ್ಲಿ ಎತ್ತುಗಳು ಬಂಡೆ ಎಳೆಯುವ ಪಂದ್ಯ ನಡೆದರೆ ಕೊನೆಗೆ ಟೇಪು ಹಿಡಿದು ಅಳೆಯುತ್ತಾರೆ. ಯಾವ ಜೋಡಿ ಎಷ್ಟು ಅಡಿ ಎಳೆಯಿತು ಎಂಬುದು ಎಲ್ಲರ ಕಣ್ಣೆದುರಿಗೇ ಇರುತ್ತದೆ. ಕುಸ್ತಿಯಲ್ಲೂ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಬಾಕ್ಸಿಂಗ್ ಹಾಗಲ್ಲ. ಎದುರಾಳಿ ನೆಲಕ್ಕೆ ಬಿದ್ದು ಏಳದೇ ಹೋದರೆ ಮಾತ್ರ ಫಲಿತಾಂಶ ನಿಚ್ಚಳ. ಉಳಿದಂತೆ ಹೆಚ್ಚಿನ ಪಂದ್ಯಗಳನ್ನು ನಿರ್ಧರಿಸುವುದು ರಿಂಗಿನ ಸುತ್ತ ಕುಳಿತ ಐದು ಜನರ ಕಣ್ಣು. ತೆಲುಗು ಪತ್ರಿಕೆಗಳು ‘ನ್ಯಾಯನಿರ್ಣೇತ’ ಎಂದು, ಕನ್ನಡ ಪತ್ರಿಕೆಗಳು ‘ತೀರ್ಪುಗಾರ’ ಎಂದು ಬರೆಯುವುದು ಇವರನ್ನೇ. ಈ ಐವರು ಎಲ್ಲ ಸಲವೂ ಒಪ್ಪುವುದಿಲ್ಲ.

ತೆಲಂಗಾಣಕ್ಕೂ ಕರ್ನಾಟಕಕ್ಕೂ ಈ ವಿಷಯ ದೂರದ್ದಲ್ಲ. ನಿಜಾಮಾಬಾದಿನ ನಿಖತ್ ಜರೀನ್ ಮತ್ತು ಮೊಹಮ್ಮದ್ ಹುಸಾಮುದ್ದೀನ್, ಬಳ್ಳಾರಿ ಬಳಿಯ ತೋರಣಗಲ್ಲಿನಲ್ಲಿ ತರಬೇತಿ ಪಡೆದ ನಿಶಾಂತ್ ದೇವ್ ಈ ಮೂವರೂ ಒಡೆದ ತೀರ್ಪಿನ ಸಿಹಿ ಅಥವಾ ಕಹಿ ಉಂಡವರು. ಒಬ್ಬ ತೀರ್ಪುಗಾರನ ಒಂದು ಅಂಕದಿಂದ ಪದಕ ಬರಬಹುದು, ಹೋಗಬಹುದು. ಪದಕದ ಹಿಂದೆ ನೌಕರಿ, ಬಹುಮಾನದ ಹಣ, ತರಬೇತಿ ಶಿಬಿರದ ಜಾಗ ಎಲ್ಲವೂ ಇವೆ. ಎರಡು ಬಾರಿ ವಿಶ್ವ ಚಾಂಪಿಯನ್ ಆದ ನಿಖತ್ ಅವರನ್ನು ತೆಲಂಗಾಣ ಸರ್ಕಾರ 2024ರಲ್ಲಿ ಡಿಎಸ್‌ಪಿ ಹುದ್ದೆಗೆ ನೇಮಿಸಿತು. ಹೀಗಿರುವಾಗ ತೀರ್ಪು ಹೇಗೆ ಬರುತ್ತದೆ ಎಂಬುದನ್ನು ಮಕ್ಕಳನ್ನು ಈ ಆಟಕ್ಕೆ ಕಳಿಸುವ ತಂದೆ ತಾಯಿಯರೂ ತಿಳಿದಿರಬೇಕು.

ಅಂಕ ಹಾಕುವುದು ಹೇಗೆ?

ಒಲಿಂಪಿಕ್ ಮಾದರಿಯ ಬಾಕ್ಸಿಂಗಿನಲ್ಲಿ ತಲಾ 3 ನಿಮಿಷದ 3 ಸುತ್ತು. ರಿಂಗಿನ ಒಳಗಿರುವ ರೆಫರಿ ಅಂಕ ಹಾಕುವುದಿಲ್ಲ. ಆತನ ಕೆಲಸ ನಿಯಮ ಪಾಲನೆ ಮತ್ತು ಆಟಗಾರರ ಸುರಕ್ಷತೆ. ಅಂಕ ಹಾಕುವವರು ರಿಂಗಿನ ಹೊರಗೆ ಬೇರೆ ಬೇರೆ ದಿಕ್ಕಿನಲ್ಲಿ ಕುಳಿತ 5 ತೀರ್ಪುಗಾರರು. ಅವರು ಪರಸ್ಪರ ಮಾತನಾಡುವಂತಿಲ್ಲ.

ಪ್ರತಿ ಸುತ್ತಿನ ಕೊನೆಗೆ ಪ್ರತಿಯೊಬ್ಬ ತೀರ್ಪುಗಾರ ಆ ಸುತ್ತು ಗೆದ್ದವರಿಗೆ 10 ಅಂಕ ಕೊಡಬೇಕು. ಸೋತವರಿಗೆ ಸಾಮಾನ್ಯವಾಗಿ 9, ಏಕಪಕ್ಷೀಯವಾಗಿದ್ದರೆ 8, ತೀರಾ ಕೈಮೀರಿದ್ದರೆ 7. ನೋಡಬೇಕಾದ್ದು ಮುಖ್ಯವಾಗಿ ಮೂರು ವಿಷಯ:

1. ಗುರಿಗೆ ಸರಿಯಾಗಿ ಬಿದ್ದ ಗುದ್ದುಗಳು. ಕೈಗವಸಿನ ಬೆರಳುಗಂಟಿನ ಭಾಗದಿಂದ, ತಲೆಯ ಅಥವಾ ಬೆಲ್ಟಿನ ಮೇಲಿನ ಮೈಯ ಮುಂಭಾಗಕ್ಕೆ ಇಲ್ಲವೇ ಪಕ್ಕಕ್ಕೆ, ತಡೆಯಿಲ್ಲದೆ ಬಿದ್ದಿರಬೇಕು.
2. ತಂತ್ರ ಮತ್ತು ಯೋಜನೆಯಲ್ಲಿ ಯಾರ ಕೈ ಮೇಲಿತ್ತು.
3. ಹೋರಾಟದ ಮನೋಭಾವ. ಯಾರು ಪಂದ್ಯವನ್ನು ಮುಂದಕ್ಕೆ ಒಯ್ದರು, ಯಾರು ಬರೀ ಹಿಂದೆ ಸರಿದರು.

ರೆಫರಿ ಅಧಿಕೃತ ಎಚ್ಚರಿಕೆ ಕೊಟ್ಟರೆ ತಪ್ಪು ಮಾಡಿದವರ ಲೆಕ್ಕದಿಂದ ಅಂಕ ಕಳೆಯಲಾಗುತ್ತದೆ. 3 ಸುತ್ತು ಮುಗಿದ ಮೇಲೆ ಪ್ರತಿ ತೀರ್ಪುಗಾರನ ಮೊತ್ತ ನೋಡಿ ಆತನ ಪ್ರಕಾರ ಗೆದ್ದವರು ಯಾರು ಎಂದು ತಿಳಿಯುತ್ತದೆ. ಐವರೂ ಒಬ್ಬರನ್ನೇ ಆರಿಸಿದರೆ 5-0, ಸರ್ವಾನುಮತ. 4-1 ಅಥವಾ 3-2 ಬಂದರೆ ಒಡೆದ ತೀರ್ಪು. ಮೊತ್ತ ಸಮವಾದರೂ ತೀರ್ಪುಗಾರ ಒಬ್ಬರನ್ನು ಆರಿಸಲೇಬೇಕು.

5-0 ಬಂದರೂ ಭಿನ್ನಮತ ಇರುತ್ತದೆ

ಎಲ್ಲರೂ ಒಪ್ಪಿದ ತೀರ್ಪಿನ ಒಳಗೂ ಭಿನ್ನಾಭಿಪ್ರಾಯ ಅಡಗಿರಬಹುದು. 2022ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಿಖತ್ ಜರೀನ್ ಥಾಯ್ಲೆಂಡಿನ ಜಿಟ್‌ಪಾಂಗ್ ಜುಟಾಮಾಸ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಫಲಿತಾಂಶ 5-0. ಆದರೆ ಐವರ ಕಾರ್ಡುಗಳು ಹೀಗಿದ್ದವು: 30-27, 29-28, 29-28, 30-27, 29-28.

ಇದನ್ನು ಓದುವುದು ಕಷ್ಟವಲ್ಲ. 30-27 ಎಂದರೆ ಮೂರೂ ಸುತ್ತು ನಿಖತ್‌ಗೆ. 29-28 ಎಂದರೆ ಎರಡು ಸುತ್ತು ನಿಖತ್‌ಗೆ, ಒಂದು ಎದುರಾಳಿಗೆ. ಅಂದರೆ ಇಬ್ಬರು ತೀರ್ಪುಗಾರರಿಗೆ ನಿಖತ್ ಒಂದು ಸುತ್ತನ್ನೂ ಬಿಟ್ಟುಕೊಟ್ಟಂತೆ ಕಾಣಲಿಲ್ಲ. ಮೂವರಿಗೆ ಒಂದು ಸುತ್ತು ಥಾಯ್ಲೆಂಡಿನ ಕಡೆ ಹೋದಂತೆ ಕಂಡಿತು. ಗೆದ್ದವರು ಯಾರು ಎಂಬುದರಲ್ಲಿ ಮಾತ್ರ ಐವರಿಗೂ ಅನುಮಾನ ಇರಲಿಲ್ಲ.

ಎರಡು ಸುತ್ತು ಗೆದ್ದು ಪಂದ್ಯ ಸೋಲುವುದು

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ಟೋಕಿಯೊ ಒಲಿಂಪಿಕ್ಸ್‌ನದು. 2021ರ ಜುಲೈ 29ರಂದು ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಎದುರು 3-2ರಿಂದ ಸೋತರು. ಮೊದಲ ಸುತ್ತಿನಲ್ಲಿ ನಾಲ್ವರು ತೀರ್ಪುಗಾರರು ವೆಲೆನ್ಸಿಯಾ ಕಡೆ ಇದ್ದರು. ಎರಡನೇ ಮತ್ತು ಮೂರನೇ ಸುತ್ತಿನಲ್ಲಿ ಮೂವರು ಮೇರಿ ಕಡೆ ಬಂದರು. ಎರಡು ಸುತ್ತು ಬಹುಮತದಿಂದ ಗೆದ್ದ ಮೇಲೂ ಸೋಲು ಹೇಗೆ ಎಂದು ದೇಶದ ತುಂಬ ಜನ ಕೇಳಿದರು.

ಉತ್ತರ ಮೋಸದಲ್ಲಿಲ್ಲ, ಲೆಕ್ಕದಲ್ಲಿದೆ. ಬಾಕ್ಸಿಂಗಿನಲ್ಲಿ ಸುತ್ತುಗಳ ಬಹುಮತ ಎಣಿಸುವುದಿಲ್ಲ. ಪ್ರತಿ ತೀರ್ಪುಗಾರನ ಒಟ್ಟು ಮೊತ್ತವನ್ನು ಎಣಿಸುತ್ತಾರೆ. ಕೆಳಗಿನದು ತಿಳಿಯಲೆಂದು ಕೊಟ್ಟ ಕಾಲ್ಪನಿಕ ಉದಾಹರಣೆ, ಆ ಪಂದ್ಯದ ಕಾರ್ಡು ಅಲ್ಲ. ಕೆಂಪು ಮತ್ತು ನೀಲಿ ಎಂಬ ಇಬ್ಬರು ಆಡಿದರು ಎಂದುಕೊಳ್ಳಿ.

ಮೊದಲ ತೀರ್ಪುಗಾರ: ಮೂರೂ ಸುತ್ತು ಕೆಂಪಿಗೆ. ಕೆಂಪು 30, ನೀಲಿ 27.
ಎರಡನೆಯವರು: ಮೊದಲ ಸುತ್ತು ನೀಲಿಗೆ, ಉಳಿದೆರಡು ಕೆಂಪಿಗೆ. ಕೆಂಪು 29, ನೀಲಿ 28.
ಮೂರನೆಯವರು: ಎರಡನೇ ಸುತ್ತು ಮಾತ್ರ ಕೆಂಪಿಗೆ. ಕೆಂಪು 28, ನೀಲಿ 29.
ನಾಲ್ಕನೆಯವರು: ಮೂರನೇ ಸುತ್ತು ಮಾತ್ರ ಕೆಂಪಿಗೆ. ಕೆಂಪು 28, ನೀಲಿ 29.
ಐದನೆಯವರು: ಮೂರೂ ನೀಲಿಗೆ. ಕೆಂಪು 27, ನೀಲಿ 30.

ಸುತ್ತು ಸುತ್ತಾಗಿ ನೋಡಿದರೆ ಮೊದಲನೆಯದು 4-1ರಿಂದ ನೀಲಿಗೆ, ಎರಡನೆಯದು 3-2ರಿಂದ ಕೆಂಪಿಗೆ, ಮೂರನೆಯದೂ 3-2ರಿಂದ ಕೆಂಪಿಗೆ. ಆದರೆ ಮೊತ್ತದಲ್ಲಿ ನೀಲಿಗೆ 3 ತೀರ್ಪುಗಾರರು, ಕೆಂಪಿಗೆ ಇಬ್ಬರು. ಪಂದ್ಯ ನೀಲಿಗೆ. ಎರಡನೇ, ಮೂರನೇ ಸುತ್ತಿನಲ್ಲಿ ಕೆಂಪನ್ನು ಮೆಚ್ಚಿದ ಮೂವರು ಒಂದೇ ಮೂವರಲ್ಲ ಎಂಬುದೇ ಇಲ್ಲಿಯ ಗುಟ್ಟು.

ಕಣ್ಣು ಬೇರೆ, ಕೂತ ಜಾಗ ಬೇರೆ

ಪ್ರಾಮಾಣಿಕರಾದ ಇಬ್ಬರು ತೀರ್ಪುಗಾರರು ಒಂದೇ ಸುತ್ತನ್ನು ಬೇರೆ ಬೇರೆಯವರಿಗೆ ಕೊಡಲು ಕಾರಣಗಳಿವೆ.

ಮೊದಲನೆಯದು ಕೂತ ಜಾಗ. ಆಟಗಾರ ತೀರ್ಪುಗಾರನಿಗೆ ಬೆನ್ನು ಮಾಡಿ ನಿಂತಾಗ ಆತನ ಹೊಟ್ಟೆಗೆ ಬಿದ್ದ ಗುದ್ದು ಆ ತೀರ್ಪುಗಾರನಿಗೆ ಕಾಣುವುದಿಲ್ಲ. ಎದುರು ಬದಿಯವನಿಗೆ ಚೆನ್ನಾಗಿ ಕಾಣುತ್ತದೆ. ರೆಫರಿಯ ಮೈ ಅಡ್ಡ ಬರುವುದೂ ಉಂಟು. ಟಿವಿಯಲ್ಲಿ ನೋಡುವವರಿಗೆ ಕ್ಯಾಮೆರಾ ಎತ್ತರದಲ್ಲಿರುತ್ತದೆ, ನಿಧಾನಗತಿಯ ಮರುಪ್ರಸಾರ ಸಿಗುತ್ತದೆ. ತೀರ್ಪುಗಾರನಿಗೆ ಅದು ಇಲ್ಲ.

ಎರಡನೆಯದು ಒಲವು. ಒಬ್ಬ ತೀರ್ಪುಗಾರ ಮುನ್ನುಗ್ಗಿ ಬರುವವರನ್ನು ಮೆಚ್ಚುತ್ತಾನೆ. ಇನ್ನೊಬ್ಬ ಹಿಂದೆ ಸರಿಯುತ್ತಲೇ ಕರಾರುವಾಕ್ಕಾಗಿ ಹೊಡೆಯುವವರನ್ನು ಮೆಚ್ಚುತ್ತಾನೆ. ನಿಯಮ ಎರಡಕ್ಕೂ ಜಾಗ ಕೊಟ್ಟಿದೆ.

ಮೂರನೆಯದು 10-9 ಎಂಬ ಅಂಕ. ಕೂದಲೆಳೆಯಲ್ಲಿ ಗೆದ್ದ ಸುತ್ತಿಗೂ 10-9, ಸ್ಪಷ್ಟವಾಗಿ ಗೆದ್ದ ಸುತ್ತಿಗೂ ಬಹಳ ಸಲ 10-9. ಹಾಗಾಗಿ ಒಂದು ಸುತ್ತನ್ನು ಜೋರಾಗಿ ಗೆದ್ದು ಎರಡು ಸುತ್ತನ್ನು ಸ್ವಲ್ಪದರಲ್ಲಿ ಕಳೆದುಕೊಂಡವರು ಸೋಲುತ್ತಾರೆ. ಜನರ ಮನಸ್ಸಿನಲ್ಲಿ ಉಳಿಯುವುದು ಆ ಜೋರಿನ ಸುತ್ತು.

ನಾಲ್ಕನೆಯದು ಗದ್ದಲ. ಸ್ಥಳೀಯ ಆಟಗಾರ ಕೈ ಬೀಸಿದರೂ ಸಾಕು ಸಭಾಂಗಣ ಕೂಗುತ್ತದೆ, ಗುದ್ದು ತಾಗಿತೋ ಇಲ್ಲವೋ ಕೇಳುವವರಿಲ್ಲ. ಯುರೋಪಿನ ವೃತ್ತಿಪರ ಚಾಂಪಿಯನ್‌ಶಿಪ್ ಪಂದ್ಯಗಳ ಬಗ್ಗೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ತವರಿನಲ್ಲಿ ಆಡುವವರ ಲಾಭ ನಾಕೌಟ್‌ಗಿಂತ ಅಂಕಗಳ ತೀರ್ಪಿನಲ್ಲಿ ಹೆಚ್ಚು ಎಂದು ತೋರಿಸಿತು.

ಪ್ರಪಂಚದ ದೊಡ್ಡ ಪಂದ್ಯಗಳೂ ಇದಕ್ಕೆ ಹೊರತಲ್ಲ. 2017ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಕನೆಲೊ ಅಲ್ವಾರೆಜ್ ಮತ್ತು ಗೆನ್ನಡಿ ಗೊಲೊವ್ಕಿನ್ ಅವರ 12 ಸುತ್ತಿನ ವೃತ್ತಿಪರ ಪಂದ್ಯಕ್ಕೆ ಮೂವರು ತೀರ್ಪುಗಾರರಿದ್ದರು. ಒಬ್ಬರು 115-113 ಗೊಲೊವ್ಕಿನ್‌ಗೆ, ಇನ್ನೊಬ್ಬರು 114-114 ಸಮ, ಮತ್ತೊಬ್ಬರು 118-110 ಕನೆಲೊಗೆ ಕೊಟ್ಟರು. ಪಂದ್ಯ ಡ್ರಾ ಆಯಿತು. 115-113 ಮತ್ತು 114-114ರ ನಡುವಿನ ವ್ಯತ್ಯಾಸ ಒಂದು ಸುತ್ತಿನದು, ಅದು ಸಹಜ. 118-110 ಎಂದರೆ 12ರಲ್ಲಿ 10 ಸುತ್ತು ಒಬ್ಬರಿಗೇ. ಇದನ್ನು ಒಪ್ಪಿದವರು ಕಡಿಮೆ. ಭಿನ್ನಮತ ಎಲ್ಲಿಯವರೆಗೆ ಸಹಜ, ಎಲ್ಲಿಂದ ಪ್ರಶ್ನಾರ್ಹ ಎಂಬುದಕ್ಕೆ ಈ ಮೂರು ಕಾರ್ಡುಗಳೇ ಉದಾಹರಣೆ.

ಸೋಲ್‌ನಿಂದ ರಿಯೊವರೆಗೆ

ಎಲ್ಲ ತಪ್ಪು ತೀರ್ಪೂ ಕಣ್ಣಿನ ದೋಷವಲ್ಲ ಎಂಬುದನ್ನೂ ಚರಿತ್ರೆ ತೋರಿಸಿದೆ. 1988ರ ಸೋಲ್ ಒಲಿಂಪಿಕ್ಸ್‌ನ 71 ಕೆ.ಜಿ. ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಅವರ 86 ಗುದ್ದುಗಳು ತಾಗಿದವು, ಆತಿಥೇಯ ಕೊರಿಯಾದ ಪಾರ್ಕ್ ಸಿ ಹುನ್ ಅವರವು 32 ಎಂದು ಟಿವಿಯವರ ಎಣಿಕೆ ಹೇಳಿತು. ತೀರ್ಪು 3-2ರಿಂದ ಪಾರ್ಕ್‌ಗೆ ಹೋಯಿತು. ಅದೇ ಕೂಟದ ಅತ್ಯುತ್ತಮ ಬಾಕ್ಸರ್ ಪ್ರಶಸ್ತಿ ಮಾತ್ರ ಸೋತ ಜೋನ್ಸ್ ಅವರಿಗೇ ಬಂತು! ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1997ರಲ್ಲಿ ಲಂಚಕ್ಕೆ ಸಾಕ್ಷ್ಯವಿಲ್ಲ ಎಂದು ಹೇಳಿ ಫಲಿತಾಂಶವನ್ನು ಹಾಗೆಯೇ ಉಳಿಸಿತು. 2025ರಲ್ಲಿ ಹೊರಬಂದ ವಿಡಿಯೊ ಪ್ರಕಾರ ಪಾರ್ಕ್ 2023ರಲ್ಲಿ ಜೋನ್ಸ್ ಅವರ ಮನೆಗೇ ಹೋಗಿ ತಮ್ಮ ಚಿನ್ನದ ಪದಕವನ್ನು ಒಪ್ಪಿಸಿದರು. ನಡುವೆ 35 ವರ್ಷ ಕಳೆದಿತ್ತು.

ಸೋಲ್‌ನ ಗದ್ದಲದ ನಂತರ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಕಂಪ್ಯೂಟರ್ ಬಂತು. ಐವರ ಮುಂದೆ ಕೆಂಪು, ನೀಲಿ ಗುಂಡಿಗಳು. ಗುದ್ದು ಬಿದ್ದ ಒಂದು ಸೆಕೆಂಡಿನೊಳಗೆ ಮೂವರು ಒಂದೇ ಬಣ್ಣದ ಗುಂಡಿ ಒತ್ತಿದರೆ ಮಾತ್ರ ಒಂದು ಅಂಕ. ಕೇಳಲು ಇದು ಟೇಪು ಹಿಡಿದು ಅಳೆದಷ್ಟೇ ನಿಖರ. ಆದರೆ ಒಬ್ಬರ ಬೆರಳು ತುಸು ತಡವಾದರೂ ಸರಿಯಾದ ಗುದ್ದು ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ಮೈಗೆ ಬಿದ್ದ ಗುದ್ದುಗಳು, ಒಂದರ ಹಿಂದೊಂದು ಬೇಗ ಬಿದ್ದ ಗುದ್ದುಗಳು ಕಳೆದುಹೋಗುತ್ತಿದ್ದವು. ಆಟಗಾರರೂ ತೀರ್ಪುಗಾರರಿಗೆ ಕಾಣುವಂಥ ಒಂಟಿ ಗುದ್ದುಗಳನ್ನೇ ಹೊಡೆಯುವುದನ್ನು ಕಲಿತರು. ಕಂಪ್ಯೂಟರ್ ಲೆಕ್ಕ 2012ರ ಲಂಡನ್ ಒಲಿಂಪಿಕ್ಸ್‌ವರೆಗೆ ನಡೆಯಿತು.

ಆ ಲಂಡನ್‌ನಲ್ಲಿ ಭಾರತದ ವಿಕಾಸ್ ಕೃಷ್ಣನ್ ಅಮೆರಿಕದ ಎರಲ್ ಸ್ಪೆನ್ಸ್ ಅವರನ್ನು 13-11ರಿಂದ ಗೆದ್ದರು ಎಂದು ಘೋಷಣೆಯಾಯಿತು. ಅಮೆರಿಕ ಮೇಲ್ಮನವಿ ಹಾಕಿತು. ವಿಕಾಸ್ ಕೊನೆಯ ಸುತ್ತಿನಲ್ಲಿ ಹಲವು ಸಲ ಹಿಡಿದುಕೊಂಡಿದ್ದಕ್ಕೆ ಮತ್ತು ಬಾಯಿಯ ಗಾರ್ಡ್ ಉಗುಳಿದ್ದಕ್ಕೆ ರೆಫರಿ ಎಚ್ಚರಿಕೆ ಕೊಡಬೇಕಿತ್ತು ಎಂದು ಮೇಲಿನವರು ತೀರ್ಮಾನಿಸಿದರು. ಸ್ಪೆನ್ಸ್‌ಗೆ 4 ಅಂಕ ಸೇರಿ ಫಲಿತಾಂಶ 15-13 ಎಂದು ತಿರುಗಿತು. ಗುದ್ದುಗಳ ಎಣಿಕೆಯಲ್ಲಿ ಯಾರೂ ಕೈಹಾಕಲಿಲ್ಲ, ನಿಯಮದ ಲೋಪದಿಂದ ಪಂದ್ಯ ಬದಲಾಯಿತು ಎಂಬುದನ್ನು ಗಮನಿಸಬೇಕು.

2013ರಲ್ಲಿ 10 ಅಂಕದ ಪದ್ಧತಿ ಬಂತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಐವರು ಅಂಕ ಹಾಕಿದರೂ ಕಂಪ್ಯೂಟರ್ ಆರಿಸಿದ ಮೂವರ ಕಾರ್ಡು ಮಾತ್ರ ಲೆಕ್ಕಕ್ಕೆ. ಐರ್ಲೆಂಡಿನ ಮೈಕಲ್ ಕಾನ್ಲನ್ ರಷ್ಯಾದ ವ್ಲಾದಿಮಿರ್ ನಿಕಿಟಿನ್ ಎದುರು ಮೂರೂ ಕಾರ್ಡುಗಳಲ್ಲಿ ಸೋತು ರಿಂಗಿನಲ್ಲೇ ಸಿಟ್ಟು ತೋರಿಸಿದರು. ಗೆದ್ದ ನಿಕಿಟಿನ್ ಗಾಯಗಳಿಂದಾಗಿ ಮುಂದಿನ ಪಂದ್ಯವನ್ನೇ ಆಡಲಿಲ್ಲ. ಕೆನಡಾದ ಕಾನೂನು ಪ್ರಾಧ್ಯಾಪಕ ರಿಚರ್ಡ್ ಮೆಕ್‌ಲಾರೆನ್ 2021ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿ, ರಿಯೊದಲ್ಲಿ ತೀರ್ಪುಗಳನ್ನು ತಿರುಚುವ ವ್ಯವಸ್ಥೆಯೇ ಇತ್ತು, ಹೇಳಿದಂತೆ ಕೇಳುವವರನ್ನು ಬೇಕಾದ ಪಂದ್ಯಗಳಿಗೆ ಕೂರಿಸಲಾಗುತ್ತಿತ್ತು ಎಂದು ಹೇಳಿತು.

ಇದರ ಬೆಲೆ ಆಟವೇ ತೆರಬೇಕಾಯಿತು. ಒಲಿಂಪಿಕ್ ಸಮಿತಿ ಅಂತಾರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯನ್ನು 2019ರಲ್ಲಿ ಅಮಾನತು ಮಾಡಿತು, 2023ರಲ್ಲಿ ಮಾನ್ಯತೆ ರದ್ದು ಮಾಡಿತು. ಟೋಕಿಯೊ ಮತ್ತು ಪ್ಯಾರಿಸ್ ಬಾಕ್ಸಿಂಗನ್ನು ಒಲಿಂಪಿಕ್ ಸಮಿತಿಯ ವ್ಯವಸ್ಥೆಯಲ್ಲೇ ನಡೆಸಲಾಯಿತು. ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ 2025ರ ಫೆಬ್ರವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕಿದ ಮೇಲಷ್ಟೇ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಉಳಿಯುವುದು ಖಚಿತವಾಯಿತು.

ನಮ್ಮ ಕಡೆಯ ಮೂವರು

ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ 2021ರ ಸೆಪ್ಟೆಂಬರಿನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ನಡೆಯಿತು. ಹರಿಯಾಣದ ಕರ್ನಾಲ್‌ನ ನಿಶಾಂತ್ ದೇವ್ ಅಲ್ಲಿ ಕರ್ನಾಟಕದ ಪರ ಆಡಿ 71 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದರು. 2023ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಕಂಚು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆ ಎದುರು ಗೆದ್ದಿದ್ದರೆ ಪದಕ ಖಚಿತ. ಮೊದಲ ಸುತ್ತು ಬಹುಮತದಿಂದ ನಿಶಾಂತ್‌ಗೆ ಬಂತು. ಕೊನೆಯ ಸುತ್ತಿನ ಹೊತ್ತಿಗೆ ಅವರು ದಣಿದಿದ್ದರು. ತೀರ್ಪು 4-1ರಿಂದ ವೆರ್ಡೆಗೆ ಹೋಯಿತು. ಇದು ಅನ್ಯಾಯ ಎಂದು ಭಾರತದ ಅಭಿಮಾನಿಗಳು ಸಿಟ್ಟಾದರು. ಮೊದಲೆರಡು ಸುತ್ತಿನ ಆಟ ನೋಡಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ವೆರ್ಡೆ ಮುಂದೆ ಬೆಳ್ಳಿ ಗೆದ್ದರು, ನಿಶಾಂತ್ 2025ರಲ್ಲಿ ವೃತ್ತಿಪರ ಬಾಕ್ಸಿಂಗ್ ಸೇರಿದರು.

ಹುಸಾಮುದ್ದೀನ್ ಅವರ ಕಥೆ ಇದಕ್ಕೆ ವಿರುದ್ಧ. 2023ರ ಮೇ ತಿಂಗಳಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಶಿಪ್ ಕ್ವಾರ್ಟರ್ ಫೈನಲ್‌ನಲ್ಲಿ ಬಲ್ಗೇರಿಯಾದ ಹಾವಿಯರ್ ಇಬಾನೆಜ್ ಎದುರು ಅವರು 4-3ರಿಂದ ಗೆದ್ದರು. ತೀರ್ಪುಗಾರರು ಐವರಾದರೆ 4-3 ಎಲ್ಲಿಂದ ಬಂತು? ಐವರಲ್ಲಿ ತೀರ್ಪು ಒಡೆದಾಗ ‘ಬೌಟ್ ರಿವ್ಯೂ’ ಎಂಬ ಪರಿಶೀಲನೆ ಆಗ ಜಾರಿಯಲ್ಲಿತ್ತು. ಪಂದ್ಯವನ್ನು ಗಮನಿಸುತ್ತಿದ್ದ ಇನ್ನಿಬ್ಬರು ಅಧಿಕಾರಿಗಳ ಅಂಕವನ್ನೂ ಸೇರಿಸಿ 7 ಜನರ ಬಹುಮತ ನೋಡುತ್ತಿದ್ದರು. ಹುಸಾಮುದ್ದೀನ್‌ಗೆ ಕಂಚು ಖಚಿತವಾಯಿತು. ಮೊಣಕಾಲಿನ ಗಾಯದಿಂದ ಸೆಮಿಫೈನಲ್ ಆಡಲಾಗಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ದೆಹಲಿಯಲ್ಲಿ ಸ್ವೀಟಿ ಬೂರಾ 4-3ರಿಂದ, ಲವ್ಲೀನಾ ಬೊರ್ಗೊಹೈನ್ 5-2ರಿಂದ ವಿಶ್ವ ಚಾಂಪಿಯನ್ ಆದದ್ದೂ ಇಂಥ ಪರಿಶೀಲನೆಯ ನಂತರವೇ.

ನಿಖತ್ ಅವರಿಗೂ ಕಹಿ ದಿನಗಳಿದ್ದವು. 2019ರ ಡಿಸೆಂಬರಿನಲ್ಲಿ ದೆಹಲಿಯ ಆಯ್ಕೆ ಪಂದ್ಯದಲ್ಲಿ ಮೇರಿ ಕೋಮ್ ಎದುರು 9-1ರಿಂದ ಸೋತಾಗ ತೆಲಂಗಾಣ ಬಾಕ್ಸಿಂಗ್ ಸಂಸ್ಥೆಯ ಕಡೆಯವರು ರಿಂಗ್ ಬಳಿಯೇ ಪ್ರತಿಭಟಿಸಿದರು. ನಿಖತ್ ತಮ್ಮ ಕಡೆಯವರನ್ನು ಸಮಾಧಾನ ಮಾಡಿ ಆಟಕ್ಕೆ ಮರಳಿದರು. ಮೂರು ವರ್ಷದೊಳಗೆ ವಿಶ್ವ ಚಾಂಪಿಯನ್ ಆದರು.

ಒಡೆದ ತೀರ್ಪು ಎರಡೂ ಕಡೆ ಬಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ಗಳಲ್ಲಿ ಜಾಸ್ಮಿನ್ ಲಾಂಬೋರಿಯಾ ಮತ್ತು ಮೀನಾಕ್ಷಿ 4-1ರಿಂದ ಚಿನ್ನ ಗೆದ್ದರು. ನೂಪುರ್ 3-2ರಿಂದ ಸೋತು ಬೆಳ್ಳಿ ಪಡೆದರು. ಗೆದ್ದಾಗ ತೀರ್ಪುಗಾರರು ದೇವರು, ಸೋತಾಗ ಕಳ್ಳರು ಎಂದರೆ ಲೆಕ್ಕ ಕೂಡುವುದಿಲ್ಲ.

ಆಕ್ಷೇಪಣೆ ಇದ್ದರೆ ಏನು ಮಾಡಬೇಕು?

2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸರಿತಾ ದೇವಿ ಕೊರಿಯಾದ ಪಾರ್ಕ್ ಜಿ ನಾ ಎದುರು ಸೋತದ್ದನ್ನು ನೋಡಿದ ಹಲವರು ಅನ್ಯಾಯ ಎಂದರು. ಭಾರತದ ಪ್ರತಿಭಟನೆಯನ್ನು ಅಧಿಕಾರಿಗಳು ಸ್ವೀಕರಿಸಲಿಲ್ಲ. ಸರಿತಾ ಕಂಚಿನ ಪದಕವನ್ನು ಕೊರಳಿಗೆ ಹಾಕಿಸಿಕೊಳ್ಳದೆ ಎದುರಾಳಿಗೇ ಕೊಟ್ಟರು. ನೊಂದವರು ಅವರು, ಶಿಕ್ಷೆಯೂ ಅವರಿಗೇ: ಒಂದು ವರ್ಷ ನಿಷೇಧ. ಜಿಲ್ಲೆ, ಶಾಲಾ ಮಟ್ಟದ ಕೂಟಗಳಿಗೆ ಹೋಗುವ ಮಕ್ಕಳೂ ಪೋಷಕರೂ ಇದನ್ನು ನೆನಪಿಡಬೇಕು.

• ಕೂಟ ಶುರುವಾಗುವ ಮೊದಲೇ ತರಬೇತುದಾರರಿಂದ ನಿಯಮ ತಿಳಿದುಕೊಳ್ಳಿ. ಎಷ್ಟು ತೀರ್ಪುಗಾರರು, ಪರಿಶೀಲನೆಗೆ ಅವಕಾಶ ಇದೆಯೇ, ಎಷ್ಟು ಹೊತ್ತಿನೊಳಗೆ ಕೇಳಬೇಕು, ಶುಲ್ಕ ಎಷ್ಟು ಎಂಬುದು ಕೂಟದಿಂದ ಕೂಟಕ್ಕೆ ಬದಲಾಗುತ್ತದೆ.
• ಆಕ್ಷೇಪಣೆಯನ್ನು ಆಟಗಾರರಾಗಲೀ ಪೋಷಕರಾಗಲೀ ರಿಂಗಿಗೆ ನುಗ್ಗಿ ಹೇಳಬಾರದು. ತಂಡದ ವ್ಯವಸ್ಥಾಪಕರು ಲಿಖಿತವಾಗಿ ಕೊಡಬೇಕು.
• ‘ನಮ್ಮ ಹುಡುಗ ಹೆಚ್ಚು ಹೊಡೆದ’ ಎಂಬ ವಾದ ನಿಲ್ಲುವುದು ಕಷ್ಟ. ಕೊಡಬೇಕಾದ ಎಚ್ಚರಿಕೆ ಕೊಟ್ಟಿಲ್ಲ, ಅಂಕ ಕೂಡುವುದರಲ್ಲಿ ತಪ್ಪಾಗಿದೆ ಎಂಬಂಥ ನಿಯಮದ ಲೋಪ ತೋರಿಸಿದರೆ ಕೇಳುತ್ತಾರೆ.
• ಮೊಬೈಲ್‌ನಲ್ಲಿ ಪೂರ್ತಿ ಪಂದ್ಯದ ವಿಡಿಯೊ ಇರಲಿ. ತೀರ್ಪು ಬದಲಾಗದಿದ್ದರೂ ಮುಂದಿನ ತರಬೇತಿಗೆ ಅದು ಬೇಕು.
• ಫಲಿತಾಂಶದ ಜೊತೆಗೆ ಸುತ್ತುವಾರು ಕಾರ್ಡು ನೋಡಲು ಸಿಗುವುದಾದರೆ ಕೇಳಿ ಬರೆದುಕೊಳ್ಳಿ. ಐವರೂ ಮೊದಲ ಸುತ್ತು ಕೊಟ್ಟಿಲ್ಲ ಎಂದರೆ ಮಗು ತಡವಾಗಿ ಬಿಸಿಯಾಗುತ್ತಿದೆ ಎಂದರ್ಥ. ಕೊನೆಯ ಸುತ್ತು ಕೊಟ್ಟಿಲ್ಲ ಎಂದರೆ ದಮ್ಮು ಸಾಲದು. ಒಂದೇ ಸುತ್ತು 3-2 ಆಗಿದ್ದರೆ ಅಲ್ಲಿ ಇನ್ನೆರಡು ಸ್ಪಷ್ಟ ಗುದ್ದು ಸಾಕಿತ್ತು.

ಐವರು ಕೂತಿರುವುದೇ ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳಲಿ ಎಂದು. ಐವರೂ ಸದಾ ಒಂದೇ ಅಂಕ ಹಾಕುವುದಾದರೆ ಒಬ್ಬರೇ ಸಾಕಿತ್ತು. ಭಿನ್ನಮತ ಇರುವುದು ತಪ್ಪಲ್ಲ. ಕಾರ್ಡು ಮುಚ್ಚಿಡುವುದು, ತೀರ್ಪುಗಾರರನ್ನು ಬೇಕಾದಂತೆ ಆರಿಸುವುದು, ಕೇಳಿದವರಿಗೆ ಉತ್ತರ ಕೊಡದಿರುವುದು ತಪ್ಪು. ಸೋಲ್ ಮತ್ತು ರಿಯೊದಲ್ಲಿ ಆಟದ ಮಾನ ಹೋದದ್ದು ಇದರಿಂದಲೇ. ಇಟಿಕ್ಯಾಲದ ಶಾಲಾ ಮೈದಾನದಲ್ಲಿ ನಡೆಯುವ ಪಂದ್ಯಕ್ಕೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.